ಎಕ್ಸ್‌ಪಿ ಓಡುವ ಹಳೇ ಡಿಟಿಪಿ ಕಂಪ್ಯೂಟರ್‌ಗೆ ಹೊಸ ಎಸ್‌ಎಸ್‌ಡಿ: ಕ್ಲೋನ್ ಮಾಡಿದರೆ ಸಾಕಾ?

ಅಚ್ಚುಮೊಳೆ · ಸೋಮವಾರ, ಬೆಳಿಗ್ಗೆ 10:40

ಚಾಮರಾಜಪೇಟೆಯ ಪ್ರೆಸ್ ಒಂದರ ಕಂಪ್ಯೂಟರ್. ಇಂಟೆಲ್ 945 ಚಿಪ್‌ಸೆಟ್ ಬೋರ್ಡ್, ಸಾಟಾ ಪೋರ್ಟ್‌ಗಳನ್ನು ನೋಡಿಕೊಳ್ಳೋ ಚಿಪ್ ಐಸಿಎಚ್7, 2 ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3, 32 ಬಿಟ್. ಒಳಗಿರೋದು 80 ಜಿಬಿ ಸಾಟಾ ಹಾರ್ಡ್ ಡಿಸ್ಕ್, ಪೂರ್ತಿ ಒಂದೇ ಸಿ ಡ್ರೈವ್. ಪೇಜ್‌ಮೇಕರ್ 6.5, ಹಳೇ ನುಡಿ ಫಾಂಟ್‌ಗಳು, ಜೊತೆಗೆ ಪ್ಲೇಟ್‌ಗೆ ಔಟ್‌ಪುಟ್ ಕೊಡುವ ರಿಪ್ ಸಾಫ್ಟ್‌ವೇರ್. ರಿಪ್‌ನ ಡಾಂಗಲ್ (ಸಿಕ್ಕಿಸಿದರೆ ಮಾತ್ರ ರಿಪ್ ತೆರೆಯುವ ಕೀ) ಪ್ಯಾರಲಲ್ ಪೋರ್ಟ್‌ನದು, ಇನ್‌ಸ್ಟಾಲ್ ಸಿಡಿ ಈಗ ಇಲ್ಲ. ಹಾಗಾಗಿ ಎಕ್ಸ್‌ಪಿಯನ್ನು ಹೊಸದಾಗಿ ಹಾಕೋ ಮಾತಿಲ್ಲ, ಇರೋದನ್ನೇ ಹಾಗೇ ಎತ್ತಿ ಹೊಸ ಡಿಸ್ಕ್‌ಗೆ ಕೂರಿಸಬೇಕು.

ಡಿಸ್ಕ್ ಕಟಕಟ ಅನ್ನೋಕೆ ಶುರುವಾಗಿದೆ. ಡಿಸ್ಕ್‌ನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ರೀಅಲೊಕೇಟೆಡ್ ಸೆಕ್ಟರ್ 52, ಕರೆಂಟ್ ಪೆಂಡಿಂಗ್ ಸೆಕ್ಟರ್ 14 ಅಂತ ತೋರಿಸ್ತಿದೆ. ಎಸ್.ಪಿ. ರಸ್ತೆಯಿಂದ 240 ಜಿಬಿ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಂದಾಗಿದೆ. ಎಕ್ಸ್‌ಪಿಗೆ ಎಸ್‌ಎಸ್‌ಡಿ ಕೂರಲ್ಲ ಅಂತ ಒಬ್ಬರು, ಎಎಚ್‌ಸಿಐ (ಸಾಟಾ ಡಿಸ್ಕ್ ಓಡಿಸೋ ಹೊಸ ರೀತಿ) ಡ್ರೈವರ್ ಇಲ್ಲದೆ ನೀಲಿ ಪರದೆ ಬರುತ್ತೆ ಅಂತ ಇನ್ನೊಬ್ಬರು. ನೇರ ಕ್ಲೋನ್ ಮಾಡಿದರೆ ಸಾಕಾ, ಮುಂಚೆ ಏನಾದರೂ ತಯಾರಿ ಬೇಕಾ?

ಸೊನ್ನೆಒಂದು · ಸೋಮವಾರ, ಬೆಳಿಗ್ಗೆ 11:15

ಮೊದಲು ಆ ಕಂಪ್ಯೂಟರ್ ಆಫ್ ಮಾಡಿ ಸರ್. ಉಳಿದದ್ದೆಲ್ಲ ಆಮೇಲೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಆ ಸಂಖ್ಯೆಗಳ ಕೊನೆಯ ಕಾಲಂ ಅನ್ನು ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ತೋರಿಸುತ್ತೆ, ನೀವು ಸೆಟ್ಟಿಂಗ್ ಬದಲಾಯಿಸಿಲ್ಲದಿದ್ದರೆ 14 ಅಂದರೆ 20, 52 ಅಂದರೆ 82. ಪೆಂಡಿಂಗ್ ಅಂದರೆ ಡಿಸ್ಕ್‌ಗೆ ಈಗ ಓದೋಕೆ ಆಗದೇ ಇರುವ ಸೆಕ್ಟರ್‌ಗಳು. ಸಾಮಾನ್ಯ ಕ್ಲೋನ್ ಸಾಫ್ಟ್‌ವೇರ್ ಇಂಥ ಕಡೆ ಬಂದಾಗ ಮತ್ತೆ ಮತ್ತೆ ಅದೇ ಜಾಗ ಕೆರೆಯುತ್ತೆ, ಇಲ್ಲವೇ ಅರ್ಧಕ್ಕೆ ನಿಲ್ಲಿಸುತ್ತೆ. ಎರಡೂ ಬೇಡ. ಈ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಅಂತೂ ಓಡಿಸಲೇಬೇಡಿ, ಅದು ಬರೆಯುತ್ತೆ, ಗಂಟೆಗಟ್ಟಲೆ ತಲೆ ಓಡಾಡಿಸುತ್ತೆ.

ಬೇಕಾಗಿರೋದು ಎರಡು ಸಾಟಾ ಪೋರ್ಟ್ ಇರುವ ಇನ್ನೊಂದು ಕಂಪ್ಯೂಟರ್, ಸಿಸ್ಟಮ್‌ರೆಸ್ಕ್ಯೂ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಹಾಕಿದ ಒಂದು ಪೆನ್‌ಡ್ರೈವ್, ಯಾವ ಜಾಗ ಓದಿತು ಯಾವುದು ಇಲ್ಲ ಅಂತ ಬರೆದಿಡುವ ಮ್ಯಾಪ್ ಫೈಲ್ ಇಡೋಕೆ ಇನ್ನೊಂದು ಪೆನ್‌ಡ್ರೈವ್, ಮತ್ತೆ ಯುಪಿಎಸ್. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕದೆ ನೇರ ಸಾಟಾಗೇ ಸಿಕ್ಕಿಸಿ. ಓದೋಕೆ ಆಗದ ಸೆಕ್ಟರ್ ಸಿಕ್ಕಾಗ ಯುಎಸ್‌ಬಿ ಚಿಪ್‌ಗಳು ಡಿಸ್ಕನ್ನೇ ಕಳಚಿಬಿಡುವುದು ಉಂಟು.

ಸಿಸ್ಟಮ್‌ರೆಸ್ಕ್ಯೂ ಒಳಗೆ ಕೆಟ್ಟ ಡಿಸ್ಕ್ ನಕಲು ಮಾಡೋಕೆ ಡಿಡಿರೆಸ್ಕ್ಯೂ ಇದೆ. ಅದರ ಮೊದಲ ಸುತ್ತು -ಎಫ್, -ಎನ್ ಆಯ್ಕೆಗಳ ಜೊತೆ (ಎಲ್ಲ ಸಣ್ಣಕ್ಷರ). ಸಾಲಿನ ಕ್ರಮ: ಮೂಲ ಡಿಸ್ಕ್, ಗುರಿ ಡಿಸ್ಕ್, ಮ್ಯಾಪ್ ಫೈಲ್. ಈ ಸುತ್ತಿನಲ್ಲಿ ಅದು ಚೆನ್ನಾಗಿರೋ ಜಾಗವನ್ನೆಲ್ಲ ಬಾಚಿಕೊಂಡು, ಕೆಟ್ಟದ್ದನ್ನು ಕೆದಕದೆ ದಾಟಿ ಹೋಗುತ್ತೆ. ಎರಡನೇ ಸುತ್ತು ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು -ಎಫ್, -ಡಿ, -ಆರ್3. ಕೆಟ್ಟ ತುಣುಕುಗಳನ್ನು ಮಾತ್ರ ಮೂರು ಸಲ ಪ್ರಯತ್ನಿಸುತ್ತೆ. ಮ್ಯಾಪ್ ಫೈಲ್ ಇದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಶುರು ಮಾಡಬಹುದು.

ಎಂಟರ್ ಒತ್ತುವ ಮೊದಲು ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡನ್ನು -ಒ ಮಾಡೆಲ್,ಸೀರಿಯಲ್ ಜೊತೆ ಕೊಟ್ಟು ಆ ನಂಬರ್‌ಗಳನ್ನು ಡಿಸ್ಕ್ ಮೇಲಿನ ಸ್ಟಿಕ್ಕರ್ ಜೊತೆ ಹೋಲಿಸಿ ನೋಡಿ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿಯೇ ನಿಮ್ಮ ಡಿಸ್ಕ್ ಮೇಲೆ ಕೂರುತ್ತೆ, ಅದಕ್ಕೆ ಪರಿಹಾರವೇ ಇಲ್ಲ.

ತಾಮ್ರದತಂತಿ · ಸೋಮವಾರ, ಮಧ್ಯಾಹ್ನ 12:05

ಎಎಚ್‌ಸಿಐ ವಿಷಯ. ನಿಮ್ಮ ಬೋರ್ಡ್‌ನಲ್ಲಿರೋದು ಬರೀ ಐಸಿಎಚ್7 ಆದರೆ ಅದರಲ್ಲಿ ಎಎಚ್‌ಸಿಐ ಇಲ್ಲವೇ ಇಲ್ಲ. ಸಾಟಾ ಪೋರ್ಟ್‌ಗಳು ಐಡಿಇ ರೂಪದಲ್ಲೇ ಕೆಲಸ ಮಾಡುತ್ತವೆ, ಎಕ್ಸ್‌ಪಿ ಒಳಗಿನ ಸಾಮಾನ್ಯ ಡ್ರೈವರ್ ಅದಕ್ಕೆ ಸಾಕು. ಜಿ31, ಜಿ41 ಬೋರ್ಡ್‌ಗಳಲ್ಲೂ ಇದೇ ಐಸಿಎಚ್7, ಅವರಿಗೂ ಇದೇ ಉತ್ತರ. ಬಯಾಸ್‌ನಲ್ಲಿ ಸಾಟಾ ಮೋಡ್ ಈಗ ಏನಿದೆಯೋ ಹಾಗೇ ಬಿಡಿ. ಎಸ್‌ಎಸ್‌ಡಿ ಬಂತು ಅಂತ ಏನನ್ನೂ ಬದಲಾಯಿಸಬೇಡಿ.

ನೀಲಿ ಪರದೆ ಬರೋದು ಬೇರೆ ಸಂದರ್ಭದಲ್ಲಿ. ಸ್ವಲ್ಪ ಹೊಸ ಬೋರ್ಡ್, ಬಯಾಸ್‌ನಲ್ಲಿ ಎಎಚ್‌ಸಿಐ ಆನ್, ಎಕ್ಸ್‌ಪಿಗೆ ಆ ಡ್ರೈವರ್ ಗೊತ್ತಿಲ್ಲ. ಆಗ ಲೋಗೋ ಕಾಣಿಸಿದ ತಕ್ಷಣ 7ಬಿ ಸ್ಟಾಪ್ ಕೋಡ್. ಬಯಾಸ್‌ನಲ್ಲಿ ಐಡಿಇ ಅಥವಾ ಕಂಪ್ಯಾಟಿಬಲ್ ಅಂತ ಇದ್ದರೆ ಅದನ್ನೇ ಆರಿಸಿ. ಅದಿಲ್ಲದ ಬೋರ್ಡ್‌ನಲ್ಲಿ ಎಕ್ಸ್‌ಪಿಯನ್ನು ಹೊಸದಾಗಿ ಹಾಕೋದಾದರೆ ಎನ್‌ಲೈಟ್ ಬಳಸಿ ಸಿಡಿ ಒಳಗೇ ಡ್ರೈವರನ್ನು ಟೆಕ್ಸ್ಟ್‌ಮೋಡ್ ಆಗಿ ಸೇರಿಸಬೇಕು. ಎಫ್6 ಒತ್ತಿ ಕೊಡೋ ದಾರಿಗೆ ಫ್ಲಾಪಿಯೇ ಬೇಕು, ಪೆನ್‌ಡ್ರೈವನ್ನು ಅದು ನೋಡಲ್ಲ.

ಎಸ್‌ಎಸ್‌ಡಿ ಕೂರಲ್ಲ ಅನ್ನೋದು ತಪ್ಪು. ಸಾಟಾ ಎಸ್‌ಎಸ್‌ಡಿ ಹೊರಜಗತ್ತಿಗೆ 512 ಬೈಟ್ ಸೆಕ್ಟರ್‌ನ ಮಾಮೂಲಿ ಡಿಸ್ಕ್ ಥರವೇ ಕಾಣುತ್ತೆ. ಕೂರದೇ ಇರೋದು ಎಂ.2 ಎನ್‌ವಿಎಂಇ ಡ್ರೈವ್, ಈ ಬೋರ್ಡ್‌ಗಳಲ್ಲಿ ಅದಕ್ಕೆ ಜಾಗವೂ ಇಲ್ಲ, ಬಯಾಸ್ ಬೂಟ್ ಮಾಡೋದೂ ಇಲ್ಲ. ವಿಂಡೋಸ್ 7ಕ್ಕೂ ಎನ್‌ವಿಎಂಇ ಡ್ರೈವರ್ ಮೂಲದಲ್ಲಿರಲಿಲ್ಲ, ಕೆಬಿ2990941 ಮತ್ತು ಕೆಬಿ3087873 ಸೇರಿಸಿದ ಮೇಲೇ ಬಂದದ್ದು.

ಇನ್ನೊಂದು, ಪವರ್. ಹಳೇ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಪಿನ್ ಕಡಿಮೆ ಇದ್ದು ನಾಲ್ಕು ಪಿನ್‌ನಿಂದ ಕನ್ವರ್ಟರ್ ಹಾಕೋದಾದರೆ, ಪ್ಲಾಸ್ಟಿಕ್ ಒಳಗೆ ತಂತಿಗಳನ್ನು ಎರಕ ಹೊಯ್ದ ಅಗ್ಗದ್ದನ್ನು ತಗೋಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟುಹೋಗುತ್ತವೆ. ಪ್ರತಿ ತಂತಿಯೂ ಬೇರೆ ಬೇರೆಯಾಗಿ ಒಳಗೆ ಹೋಗೋದು ಕಣ್ಣಿಗೆ ಕಾಣುವ, ಹಿಂದೆ ಮುಚ್ಚಳ ಇರುವ ಕನ್ವರ್ಟರ್ ಕೇಳಿ ತಗೊಳ್ಳಿ.

ಸೊನ್ನೆಒಂದು · ಸೋಮವಾರ, ಮಧ್ಯಾಹ್ನ 12:50

ಕ್ಲೋನ್ ಮುಗಿದ ಮೇಲಿನ ಕೆಲಸವನ್ನೂ ಈಗಲೇ ಬರೆದಿಡುತ್ತೇನೆ, ಯಾಕಂದರೆ ಎಲ್ಲರೂ ಬಿಟ್ಟುಬಿಡೋದು ಇದನ್ನೇ.

ಎಕ್ಸ್‌ಪಿ ತನ್ನ ಮೊದಲ ಪಾರ್ಟಿಷನ್ ಅನ್ನು 63ನೇ ಸೆಕ್ಟರ್‌ನಿಂದ ಶುರು ಮಾಡುತ್ತೆ. 63 ಗುಣಿಸು 512 ಅಂದರೆ 32,256 ಬೈಟ್. ಅದನ್ನು 4096ರಿಂದ ಭಾಗಿಸಿದರೆ 7.875, ಪೂರ್ಣ ಸಂಖ್ಯೆ ಬರಲ್ಲ. ಅಂದರೆ ಎನ್‌ಟಿಎಫ್‌ಎಸ್‌ನ ಪ್ರತಿ 4 ಕೆಬಿ ಕ್ಲಸ್ಟರ್ ಕೂಡ ಡ್ರೈವ್ ಒಳಗಿನ ಎರಡು ತುಣುಕುಗಳ ಮೇಲೆ ಒಂದೊಂದು ಕಾಲಿಟ್ಟು ನಿಲ್ಲುತ್ತೆ. ಒಂದು ಬರೆಯೋ ಕಡೆ ಎರಡು ಬರಹ. ಹಳೇ ಡಿಸ್ಕ್‌ಗೆ ಇದರಿಂದ ತೊಂದರೆ ಇರಲಿಲ್ಲ, ಎಸ್‌ಎಸ್‌ಡಿಗೂ 4 ಕೆಬಿ ಸೆಕ್ಟರ್‌ನ ಈಗಿನ ಹಾರ್ಡ್ ಡಿಸ್ಕ್‌ಗಳಿಗೂ ಇದೆ. ವಿಸ್ಟಾದಿಂದ ಈಚೆಗೆ ಪಾರ್ಟಿಷನ್ 2048ನೇ ಸೆಕ್ಟರ್‌ನಿಂದ ಶುರು, ಅಂದರೆ ಸರಿಯಾಗಿ 1 ಎಂಬಿ.

ನಿಮಗೆ ಬೇಕಾದ್ದು ಪಾರ್ಟಿಷನ್ ಅನ್ನು 1985 ಸೆಕ್ಟರ್ ಮುಂದಕ್ಕೆ ತಳ್ಳೋದು. ಕ್ಲೋನ್ ಆದ ತಕ್ಷಣ ಹಳೇ ಡಿಸ್ಕ್ ಬಿಚ್ಚಿಡಿ. ವಿಂಡೋಸ್ 7 ಇನ್‌ಸ್ಟಾಲ್ ಡಿಸ್ಕ್‌ನಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತಗೊಂಡು, ಎಸ್‌ಎಸ್‌ಡಿ ಮೇಲಿನ ಪಾರ್ಟಿಷನ್‌ಗೆ ಚೆಕ್‌ಡಿಸ್ಕ್ /ಎಫ್ ಕೊಡಿ. ಫೈಲ್ ಸಿಸ್ಟಮ್ ಸ್ವಚ್ಛ ಇಲ್ಲದಿದ್ದರೆ ಮುಂದಿನ ಹೆಜ್ಜೆಯಲ್ಲಿ ಪಾರ್ಟಿಷನ್ ತಳ್ಳೋ ಪ್ರೋಗ್ರಾಂ ಜಿಪಾರ್ಟೆಡ್ ಕೈಯಿಡಲ್ಲ. ಆಮೇಲೆ ಜಿಪಾರ್ಟೆಡ್‌ನಲ್ಲಿ ರೀಸೈಜ್/ಮೂವ್ ತೆಗೆದು, ಪಾರ್ಟಿಷನ್‌ಗೆ ಮೊದಲಿರುವ ಖಾಲಿ ಜಾಗ (ಫ್ರೀ ಸ್ಪೇಸ್ ಪ್ರಿಸೀಡಿಂಗ್) 1, ಅಲೈನ್ ಟು ಎಂಐಬಿ. ಪಾರ್ಟಿಷನ್ ಗಾತ್ರ 120 ಜಿಬಿ ಆಸುಪಾಸಿಗೆ ಎಳೆಯಿರಿ, ಪೂರ್ತಿ 240ಕ್ಕೆ ಬೇಡ.

ಉಳಿದ ಅರ್ಧ ಯಾಕೆ ಖಾಲಿ ಅಂದರೆ ಎಕ್ಸ್‌ಪಿಗೆ ಟ್ರಿಮ್ ಗೊತ್ತಿಲ್ಲ. ನೀವು ಫೈಲ್ ಅಳಿಸಿದರೂ ಆ ಜಾಗ ಖಾಲಿಯಾಯ್ತು ಅಂತ ಎಸ್‌ಎಸ್‌ಡಿಗೆ ಯಾರೂ ಹೇಳಲ್ಲ, ಅದು ಸತ್ತ ಡೇಟಾವನ್ನೂ ಹೊತ್ತು ತಿರುಗುತ್ತೆ. ಯಾವತ್ತೂ ಬರೆಯದ ಜಾಗ ಇದ್ದರೆ ಕಂಟ್ರೋಲರ್‌ಗೆ ಕೈಕಾಲು ಆಡಿಸೋಕೆ ಸ್ಥಳ ಸಿಕ್ಕಂತೆ. ಬಳಸಿದ ಎಸ್‌ಎಸ್‌ಡಿ ತಂದಿದ್ದರೆ ಮಾತ್ರ ಮೊದಲು ಸೆಕ್ಯೂರ್ ಎರೇಸ್ ಮಾಡಿಕೊಳ್ಳಿ.

ಪಾರ್ಟಿಷನ್ ಮ್ಯಾಜಿಕ್ ಕಾಲದ ಹಳೇ ಉಪಕರಣಗಳಿಂದ ಈ ಕೆಲಸ ಮಾಡಬೇಡಿ. ಪಾರ್ಟಿಷನ್ ಎಲ್ಲಿಂದ ಶುರು ಅನ್ನೋದು ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರ್ ಒಳಗೂ ಹಿಡನ್ ಸೆಕ್ಟರ್ಸ್ ಅಂತ ಬರೆದಿರುತ್ತೆ. ಅಲ್ಲಿ 63 ಹಾಗೇ ಉಳಿದರೆ ಬೂಟ್ ನಿಂತುಹೋಗುತ್ತೆ. ಜಿಪಾರ್ಟೆಡ್ ಅದನ್ನೂ ತಿದ್ದುತ್ತೆ, ಕೊನೆಯಲ್ಲಿ ವಿವರಗಳ ಪಟ್ಟಿ ಬಿಡಿಸಿದರೆ ಬೂಟ್ ಸೆಕ್ಟರ್ ಅಪ್‌ಡೇಟ್ ಆದ ಸಾಲು ಕಾಣಬೇಕು.

ಪೀಣ್ಯಎರಡನೇಹಂತ · ಸೋಮವಾರ, ಸಂಜೆ 4:30

945ಕ್ಕಿಂತ ಹಳೆಯ ಬೋರ್ಡ್ ಇರೋರಿಗೆ ಒಂದು ಮಾತು. ಪೀಣ್ಯದ ಕಾರ್ಖಾನೆಗಳಲ್ಲಿ ಕತ್ತರಿಸುವ, ಕೊರೆಯುವ ಯಂತ್ರಗಳ ಕಂಟ್ರೋಲರ್‌ಗಳಲ್ಲಿ ಇಂಥವು ಇನ್ನೂ ಓಡುತ್ತಿವೆ.

ವಿಐಎ ವಿಟಿ8237 ಮತ್ತು 8237ಆರ್ ಚಿಪ್ ಇದ್ದರೆ ಈಗಿನ ಸಾಟಾ ಡ್ರೈವ್ ಬಯಾಸ್‌ನಲ್ಲಿ ಕಾಣಿಸೋದೇ ಕಷ್ಟ. ಆ ಚಿಪ್ ಸೆಕೆಂಡಿಗೆ 1.5 ಗಿಗಾಬಿಟ್ ಮಾತ್ರ ಮಾತಾಡುತ್ತೆ, ಹೊಸ ಡ್ರೈವ್ ಜೊತೆ ವೇಗದ ಹೊಂದಾಣಿಕೆ ಮಾಡಿಕೊಳ್ಳೋಕೆ ಅದಕ್ಕೆ ಬರಲ್ಲ. ಹಳೇ ಹಾರ್ಡ್ ಡಿಸ್ಕ್‌ಗಳಲ್ಲಿ ವೇಗ ಇಳಿಸೋಕೆ ಹಿಂದೆ ಜಂಪರ್ ಇರುತ್ತಿತ್ತು, ಎಸ್‌ಎಸ್‌ಡಿಯಲ್ಲಿ ಅದಿಲ್ಲ. ಸಿಲಿಕಾನ್ ಇಮೇಜ್ 3112 ಅಥವಾ 3512 ಚಿಪ್‌ನ ಪಿಸಿಐ ಸಾಟಾ ಕಾರ್ಡ್ ಹಾಕಿ, ಎಕ್ಸ್‌ಪಿ ಡ್ರೈವರ್ ಇದೆ. ಕಾರ್ಡ್‌ನ ಡ್ರೈವರನ್ನು ಹಳೇ ಡಿಸ್ಕ್‌ನಲ್ಲೇ, ಕ್ಲೋನ್‌ಗೆ ಮುಂಚೆಯೇ ಹಾಕಿಟ್ಟುಕೊಳ್ಳಿ. ಇಲ್ಲದಿದ್ದರೆ ತಾಮ್ರದತಂತಿ ಅವರು ಹೇಳಿದ ಅದೇ 7ಬಿ. ಪಿಸಿಐ ಬಸ್‌ನ ಮಿತಿ ಸೆಕೆಂಡಿಗೆ 133 ಎಂಬಿ, ಆ ಯಂತ್ರಕ್ಕೆ ಅದು ಧಾರಾಳ.

ಬರೀ ಐಡಿಇ ಇರುವ ಬೋರ್ಡ್ ಆದರೆ ಐಡಿಇಯಿಂದ ಸಾಟಾಕ್ಕೆ ಬದಲಿಸುವ ಪುಟ್ಟ ಕಾರ್ಡ್. ಕೇಬಲ್ 80 ತಂತಿಯದೇ ಇರಬೇಕು. 40 ತಂತಿಯದಾದರೆ ವೇಗ ಸೆಕೆಂಡಿಗೆ 33 ಎಂಬಿಗೇ ನಿಲ್ಲುತ್ತೆ. ಎರಡಕ್ಕೂ ಪಿನ್ ಜಾಗ 40 ಆದ್ದರಿಂದ ಪಿನ್ ಎಣಿಸಿ ಪ್ರಯೋಜನವಿಲ್ಲ. ಪಟ್ಟಿಯ ಗೀರುಗಳನ್ನು ಉಗುರಿನಿಂದ ಸವರಿ ನೋಡಿ, ನವಿರಾಗಿದ್ದರೆ 80.

ಇನ್ನೂ ಹಳೇ ಬಯಾಸ್ 137 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಹ್ಯಾಂಗ್ ಆಗಬಹುದು, ಅದರ ಲೆಕ್ಕ 28 ಬಿಟ್‌ನದು. ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ -ಎನ್ (ದೊಡ್ಡಕ್ಷರದ ಎನ್) ಬಳಸಿ ಡ್ರೈವ್ ತಾನು 234441648 ಸೆಕ್ಟರ್‌ನದು ಅಂತ ಹೇಳಿಕೊಳ್ಳೋ ಹಾಗೆ ಮಾಡಬಹುದು, ಅದು 120 ಜಿಬಿಯ ಲೆಕ್ಕ. ಸಂಖ್ಯೆಗೆ ಮೊದಲು ಪಿ ಅಕ್ಷರ ಸೇರಿಸಿದರೆ ಮಾತ್ರ ಆಫ್ ಮಾಡಿ ಆನ್ ಮಾಡಿದ ಮೇಲೂ ಉಳಿಯುತ್ತೆ. ಎಲ್ಲ ಎಸ್‌ಎಸ್‌ಡಿಗಳೂ ಇದನ್ನು ಒಪ್ಪಲ್ಲ, ಕ್ಲೋನ್‌ಗೆ ಮೊದಲೇ ಪರೀಕ್ಷಿಸಿ.

ಅಚ್ಚುಮೊಳೆ · ಮಂಗಳವಾರ, ಮಧ್ಯಾಹ್ನ 1:20

ಡಿಡಿರೆಸ್ಕ್ಯೂ ಮುಗೀತು. ಎರಡನೇ ಸುತ್ತಿನ ನಂತರ 6 ಕೆಬಿ ಮಾತ್ರ ಸಿಗಲಿಲ್ಲ. ಚೆಕ್‌ಡಿಸ್ಕ್ ಆಯ್ತು, ಜಿಪಾರ್ಟೆಡ್‌ನಲ್ಲಿ ತಳ್ಳಿದ್ದೂ ಆಯ್ತು, ಬೂಟ್ ಸೆಕ್ಟರ್ ಸಾಲೂ ಕಾಣಿಸಿತು. ಪ್ರೆಸ್‌ನ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಎಕ್ಸ್‌ಪಿ ಲೋಗೋ ಬರುತ್ತೆ, ತಾನಾಗೇ ಒಂದು ಚೆಕ್‌ಡಿಸ್ಕ್ ಓಡಿ ರೀಸ್ಟಾರ್ಟ್ ಆಗುತ್ತೆ, ಆಮೇಲೆ ಬರೀ ನೀಲಿ ಹಿನ್ನೆಲೆ, ಮಧ್ಯೆ ಎಕ್ಸ್‌ಪಿ ಗುರುತು. ಹೆಸರು ಕೇಳುವ ಬಾಕ್ಸ್ ಬರೋದೇ ಇಲ್ಲ. ಮೌಸ್ ಮಾತ್ರ ಓಡಾಡುತ್ತೆ. ಸೇಫ್ ಮೋಡ್‌ನಲ್ಲೂ ಹೀಗೇ.

ಸೊನ್ನೆಒಂದು · ಮಂಗಳವಾರ, ಮಧ್ಯಾಹ್ನ 1:45

ಡ್ರೈವ್ ಅಕ್ಷರ ಬದಲಾಗಿದೆ. ಡೇಟಾಗೆ ಏನೂ ಆಗಿಲ್ಲ, ಗಾಬರಿ ಬೇಡ.

ಎಕ್ಸ್‌ಪಿ ಒಂದು ಪಾರ್ಟಿಷನ್ ಅನ್ನು ಗುರುತು ಹಿಡಿಯೋದು 12 ಬೈಟ್‌ಗಳಿಂದ: ಮೊದಲ 4 ಡಿಸ್ಕ್ ಸಿಗ್ನೇಚರ್, ಉಳಿದ 8 ಪಾರ್ಟಿಷನ್ ಶುರುವಾಗುವ ಜಾಗ. ನೀವು ಆ ಜಾಗ ಬದಲಿಸಿದ್ದೀರಿ. ಹಾಗಾಗಿ ಅದಕ್ಕೆ ಇದು ಹಳೇ ಸಿ ಅಲ್ಲ, ಯಾವುದೋ ಹೊಸದು. ಬೇರೆ ಅಕ್ಷರ ಕೊಟ್ಟಿದೆ. ಲಾಗಿನ್‌ಗೆ ಬೇಕಾದ ಪ್ರೋಗ್ರಾಂ ಸಿ ಡ್ರೈವ್‌ನಲ್ಲಿದೆ ಅಂತ ರಿಜಿಸ್ಟ್ರಿಯಲ್ಲಿ ಬರೆದಿದೆ, ಅಲ್ಲಿ ಹುಡುಕಿ ಸಿಗದೆ ನಿಂತಿದೆ.

ವಿಂಡೋಸ್ 7 ಡಿಸ್ಕ್‌ನಿಂದ ಬೂಟ್, ಶಿಫ್ಟ್ ಎಫ್10, ರೆಜೆಡಿಟ್. ಎಚ್‌ಕೀ ಲೋಕಲ್ ಮಷೀನ್ ಮೇಲೆ ಕ್ಲಿಕ್ ಮಾಡಿ ಫೈಲ್ ಮೆನುವಿನಲ್ಲಿ ಲೋಡ್ ಹೈವ್. ಎಸ್‌ಎಸ್‌ಡಿಯ ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಫೋಲ್ಡರ್‌ನಲ್ಲಿ ಸಿಸ್ಟಮ್ ಅನ್ನೋ ಹೆಸರಿನ, ಬಾಲವಿಲ್ಲದ ಫೈಲ್ ಇರುತ್ತೆ, ಅದನ್ನು ತೆರೆದು ಹಳೇದು ಅಂತ ಏನಾದರೂ ಹೆಸರು ಕೊಡಿ. ಅದರೊಳಗೆ ಮೌಂಟೆಡ್‌ಡಿವೈಸಸ್, ಅದರಲ್ಲಿ ಡಾಸ್‌ಡಿವೈಸಸ್ ಸಿ ಅನ್ನೋ ಸಾಲು. ಮೊದಲ 4 ಬೈಟ್ ಮುಟ್ಟಬೇಡಿ. ಆಮೇಲಿನ 8 ಈಗ 00 7ಇ 00 00 00 00 00 00 ಅಂತಿರುತ್ತೆ. ಹೆಕ್ಸ್‌ನ 7ಇ00 ಅಂದರೆ ಅದೇ 32,256. ಅದನ್ನು 00 00 10 00 00 00 00 00 ಮಾಡಿ, ಅದು 1,048,576. ಬೈಟ್‌ಗಳು ಹಿಂದಿನಿಂದ ಮುಂದಕ್ಕೆ ಬರೆದಿರುತ್ತವೆ ಅನ್ನೋದು ನೆನಪಿರಲಿ. ಇದೇ 12 ಬೈಟ್ ಇನ್ನೊಂದು ಅಕ್ಷರದ ಸಾಲಿನಲ್ಲಿ ಆಗಲೇ ಕೂತಿದ್ದರೆ ಆ ಸಾಲನ್ನು ಅಳಿಸಿ. ಕೊನೆಗೆ ಅನ್‌ಲೋಡ್ ಹೈವ್ ಮರೆಯಬೇಡಿ.

ಬೈಟ್ ತಿದ್ದೋಕೆ ಧೈರ್ಯ ಇಲ್ಲದಿದ್ದರೆ ಮೌಂಟೆಡ್‌ಡಿವೈಸಸ್ ಒಳಗಿನ ಎಲ್ಲ ಸಾಲುಗಳನ್ನೂ ಅಳಿಸಿದರೂ ಆಗುತ್ತೆ, ಎಕ್ಸ್‌ಪಿ ಹೊಸದಾಗಿ ಎಣಿಸಿ ಬೂಟ್ ಡ್ರೈವ್‌ಗೆ ಸಿ ಕೊಡುತ್ತೆ. ನೆಟ್‌ವರ್ಕ್ ಅಲ್ಲದ ಬೇರೆ ಡ್ರೈವ್‌ಗಳಿಗೆ ನೀವೇ ಕೊಟ್ಟಿದ್ದ ಅಕ್ಷರಗಳು ಮಾತ್ರ ಹೋಗುತ್ತವೆ.

ಇದನ್ನೆಲ್ಲ ಮಾಡುವಾಗ ಹಳೇ ಡಿಸ್ಕ್ ಸಿಕ್ಕಿಸಿರಬಾರದು. ಎರಡಕ್ಕೂ ಒಂದೇ ಸಿಗ್ನೇಚರ್, ಜೊತೆಗೆ ಕಂಡರೆ ಎಕ್ಸ್‌ಪಿ ಏನೂ ಹೇಳದೆ ಒಂದರ ಸಿಗ್ನೇಚರ್ ಬದಲಿಸಿಬಿಡುತ್ತೆ.

ಅಚ್ಚುಮೊಳೆ · ಮಂಗಳವಾರ, ಸಂಜೆ 5:10

ಬೈಟ್ ತಿದ್ದಿದೆವು, ಲಾಗಿನ್ ಬಂತು! ಇ ಅಕ್ಷರದ ಸಾಲಿನಲ್ಲಿ ಹೊಸ ಗುರುತು ಕೂತಿತ್ತು, ಅಳಿಸಿದೆವು. ಡಾಂಗಲ್ ಸಿಕ್ಕಿತು, ರಿಪ್ ತೆರೆಯಿತು, ಆಕ್ಟಿವೇಷನ್ ಕೇಳಲಿಲ್ಲ.

ಆದರೆ ನಿಧಾನ. 700 ಎಂಬಿಯ ಫೋಲ್ಡರ್ ಕಾಪಿ ಮಾಡಿದರೆ ಸೆಕೆಂಡಿಗೆ 3 ಎಂಬಿ, ಅಷ್ಟು ಹೊತ್ತೂ ಮೌಸ್ ತಡವರಿಸುತ್ತೆ. ಇದು ಅಲೈನ್‌ಮೆಂಟ್ ತಪ್ಪಿದ ಲಕ್ಷಣವಾ?

ತಾಮ್ರದತಂತಿ · ಮಂಗಳವಾರ, ಸಂಜೆ 5:25

ಅಲ್ಲ. ಮೌಸ್ ತಡವರಿಸುತ್ತೆ ಅಂದಿರಲ್ಲ, ಅದು ಪಿಐಒ ಮೋಡ್‌ನ ಗುರುತು. ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಕಂಟ್ರೋಲರ್‌ಗಳನ್ನು ಬಿಡಿಸಿ, ನಿಮ್ಮ ಎಸ್‌ಎಸ್‌ಡಿ ಇರುವ ಚಾನೆಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿ. ಕರೆಂಟ್ ಟ್ರಾನ್ಸ್‌ಫರ್ ಮೋಡ್ ಅಲ್ಟ್ರಾ ಡಿಎಂಎ 5 ಅಥವಾ 6 ಇರಬೇಕು. ಪಿಐಒ ಅಂತಿದ್ದರೆ ಪ್ರತಿ ಬೈಟನ್ನೂ ಪ್ರೊಸೆಸರೇ ಹೊತ್ತು ಹಾಕ್ತಿದೆ.

ಒಂದು ಚಾನೆಲ್‌ನಲ್ಲಿ ಆರು ಸಲ ಟೈಮ್‌ಔಟ್ ಅಥವಾ ಸಿಆರ್‌ಸಿ ತಪ್ಪಾದರೆ ಎಕ್ಸ್‌ಪಿ ವೇಗವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಪಿಐಒಗೆ ತರುತ್ತೆ, ತಾನಾಗಿ ಮತ್ತೆ ಮೇಲೆ ಹತ್ತಿಸಲ್ಲ. ಹಾಗಾಗಿ ಮೊದಲು ಕಾರಣ ಹುಡುಕಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿ7, ಅಲ್ಟ್ರಾಡಿಎಂಎ ಸಿಆರ್‌ಸಿ ಎರರ್ ಎಷ್ಟಿದೆ? ಹೊಸ ಡ್ರೈವ್‌ನಲ್ಲಿ ಅದು ಸೊನ್ನೆ ಇರಬೇಕು. ಏರುತ್ತಿದ್ದರೆ ತಪ್ಪು ಕೇಬಲ್‌ನದು. ಹಳೇ ಕೆಂಪು ಸಾಟಾ ಕೇಬಲ್‌ಗಳಿಗೆ ಲೋಹದ ಕ್ಲಿಪ್ ಇರಲ್ಲ, ಹಗುರ ಎಸ್‌ಎಸ್‌ಡಿಯನ್ನು ಸ್ಕ್ರೂ ಹಾಕದೆ ತೂಗುಬಿಟ್ಟರೆ ಕನೆಕ್ಟರ್ ಓರೆಯಾಗಿ ನಿಲ್ಲುತ್ತೆ. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ, ಎಸ್‌ಎಸ್‌ಡಿಯನ್ನು ಬ್ರಾಕೆಟ್‌ಗೆ ಕೂರಿಸಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಚಾನೆಲ್ ಮೇಲೆ ಬಲ ಕ್ಲಿಕ್, ಅನ್‌ಇನ್‌ಸ್ಟಾಲ್, ರೀಸ್ಟಾರ್ಟ್. ಎಕ್ಸ್‌ಪಿ ಹೊಸದಾಗಿ ಕಂಡುಹಿಡಿದು ಡಿಎಂಎ ಕೊಡುತ್ತೆ.

ಹಳೇಬೋರ್ಡ್ · ಮಂಗಳವಾರ, ರಾತ್ರಿ 9:00

ಇದೇ ಎಳೆಯಲ್ಲಿ ಕೇಳಬಹುದಾ? ಹಳೇ ಪುಸ್ತಕಗಳ ಫೈಲ್‌ಗಳಿಗೆ ಅಂತ 3 ಟಿಬಿ ಹಾರ್ಡ್ ಡಿಸ್ಕನ್ನು ಎಕ್ಸ್‌ಪಿಗೆ ಎರಡನೇ ಡಿಸ್ಕ್ ಆಗಿ ಹಾಕಿದರೆ 746 ಜಿಬಿ ಅಂತ ತೋರಿಸ್ತಿದೆ. ಫಾರ್ಮ್ಯಾಟ್ ಮಾಡಲಾ?

ಸೊನ್ನೆಒಂದು · ಮಂಗಳವಾರ, ರಾತ್ರಿ 9:20

ದಯವಿಟ್ಟು ಬೇಡ. ಡ್ರೈವರ್ 32 ಬಿಟ್‌ನಲ್ಲಿ ಸೆಕ್ಟರ್ ಎಣಿಸಿ, 2,199,023,255,552 ಬೈಟ್ ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು ಮಾಡಿದೆ. ಉಳಿದ ಶೇಷವೇ ಆ 746. 32 ಬಿಟ್ ಎಕ್ಸ್‌ಪಿಗೆ ಪಾರ್ಟಿಷನ್ ಪಟ್ಟಿ ಬರೆಯೋ ಹೊಸ ರೀತಿ ಜಿಪಿಟಿ ಅರ್ಥವಾಗಲ್ಲ, ಹಳೇ ರೀತಿ ಎಂಬಿಆರ್ 2.2 ಟಿಬಿ ಮೀರಲ್ಲ. ಕೆಲವು ಯುಎಸ್‌ಬಿ ಕೇಸ್‌ಗಳು 4 ಕೆಬಿ ಸೆಕ್ಟರ್ ಅಂತ ತೋರಿಸಿ ಎಕ್ಸ್‌ಪಿಯಲ್ಲೂ ಪೂರ್ತಿ 3 ಟಿಬಿ ಕೊಡುತ್ತವೆ, ಆದರೆ ಆ ಡಿಸ್ಕನ್ನು ಬಿಚ್ಚಿ ನೇರ ಸಾಟಾಗೆ ಹಾಕಿದರೆ ಖಾಲಿ ಅನ್ನುತ್ತೆ. ಕೇಸ್ ಕೆಟ್ಟ ದಿನ ಫೈಲ್‌ಗಳು ಕೈಗೆ ಸಿಗಲ್ಲ. ವರ್ಷಗಟ್ಟಲೆ ಇಡಬೇಕಾದ ಪುಸ್ತಕಗಳಿಗೆ ಅದು ಸಲ್ಲ.

ಡಿಸ್ಕನ್ನು ಹೊಸ ಕಂಪ್ಯೂಟರ್‌ಗೆ ಜಿಪಿಟಿ ಮಾಡಿ ಹಾಕಿ, ಎಕ್ಸ್‌ಪಿಯಿಂದ ನೆಟ್‌ವರ್ಕ್ ಮೂಲಕ ಕಳಿಸಿ. ಎಕ್ಸ್‌ಪಿಗೆ ವಿಂಡೋಸ್ ಫೈಲ್ ಹಂಚಿಕೆಯ ಹಳೇ ರೀತಿ ಎಸ್‌ಎಂಬಿ 1 ಮಾತ್ರ ಬರುತ್ತೆ, ಹೊಸ ವಿಂಡೋಸ್‌ನಲ್ಲಿ ಅದು ಆಫ್ ಇರುತ್ತೆ. ಅದನ್ನು ಆನ್ ಮಾಡೋದಕ್ಕಿಂತ ಹೊಸ ಕಂಪ್ಯೂಟರ್‌ನಲ್ಲಿ ಎಫ್‌ಟಿಪಿ ಸರ್ವರ್ ಇಟ್ಟು, ಒಳಗಿನ ನೆಟ್‌ವರ್ಕ್‌ಗೆ ಮಾತ್ರ ತೆರೆದಿಡಿ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿದಿದೆ, ಆ ಯಂತ್ರಕ್ಕೆ ಇಂಟರ್ನೆಟ್ ದಾರಿಯೇ ಇರಬಾರದು.

ಅಚ್ಚುಮೊಳೆ · ಬುಧವಾರ, ಬೆಳಿಗ್ಗೆ 11:30

ಸಿ7ರಲ್ಲಿ 3ಎಫ್ ಇತ್ತು, ಅಂದರೆ 63. ಕ್ಲಿಪ್ ಇರುವ ಕೇಬಲ್ ಹಾಕಿ, ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ಎರಡು ಸಲ ರೀಸ್ಟಾರ್ಟ್ ಆಯ್ತು. ಈಗ ಅಲ್ಟ್ರಾ ಡಿಎಂಎ 5, ಸಿ7 ಅಲ್ಲೇ ನಿಂತಿದೆ. ಅದೇ 700 ಎಂಬಿ ಫೋಲ್ಡರ್ ಹತ್ತು ಸೆಕೆಂಡಿನೊಳಗೆ ಕಾಪಿ ಆಯ್ತು. ಎಂಎಸ್‌ಇನ್ಫೋ32ರ ಡಿಸ್ಕ್ ಪುಟದಲ್ಲಿ ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ 1,048,576 ಬೈಟ್ಸ್.

ಸಿಗದೇ ಹೋದ ಆ 6 ಕೆಬಿ ಯಾವ ಫೈಲ್‌ನದು ಅಂತ ತಿಳಿಯೋದು ಹೇಗೆ? ಒಳಗೆ ಇನ್ನೂ ಮುದ್ರಣ ಆಗಬೇಕಾದ ಪುಸ್ತಕಗಳಿವೆ.

ಸೊನ್ನೆಒಂದು · ಬುಧವಾರ, ಮಧ್ಯಾಹ್ನ 12:10

ಮ್ಯಾಪ್ ಫೈಲ್ ತೆರೆದರೆ ಕೊನೆಯಲ್ಲಿ ಮೈನಸ್ ಗುರುತಿರುವ ಸಾಲುಗಳು ಕಾಣುತ್ತವೆ, ಅವೇ ಕೆಟ್ಟ ಜಾಗಗಳು. ಅಲ್ಲಿರುವ ಹೆಕ್ಸ್ ಸಂಖ್ಯೆ ಬೈಟ್ ಲೆಕ್ಕದ್ದು. ದಶಮಾನಕ್ಕೆ ತಂದು 512ರಿಂದ ಭಾಗಿಸಿ, ಬಂದದ್ದರಲ್ಲಿ 63 ಕಳೆಯಿರಿ. 2048 ಅಲ್ಲ, ಯಾಕಂದರೆ ಮ್ಯಾಪ್ ಆಗಿದ್ದು ಹಳೇ ಡಿಸ್ಕ್‌ನದು. ಪಾರ್ಟಿಷನ್ ಒಳಗಿನ ಸ್ಥಾನ ತಳ್ಳಿದ ಮೇಲೂ ಅದೇ ಇರುತ್ತೆ. ಆ ಸಂಖ್ಯೆಯನ್ನು ಸಿಸ್ಟಮ್‌ರೆಸ್ಕ್ಯೂನಲ್ಲಿ ಎನ್‌ಟಿಎಫ್‌ಎಸ್‌ಕ್ಲಸ್ಟರ್‌ಗೆ -ಎಸ್ ಜೊತೆ ಕೊಟ್ಟು, ಎಸ್‌ಎಸ್‌ಡಿಯ ಪಾರ್ಟಿಷನ್ ತೋರಿಸಿದರೆ ಫೈಲ್‌ನ ಹೆಸರು ಬರುತ್ತೆ. ಒಂದು ಎಚ್ಚರಿಕೆ, ಕ್ಲೋನ್ ಆದ ಮೇಲೆ ಡೀಫ್ರ್ಯಾಗ್ ಓಡಿದ್ದರೆ ಫೈಲ್ ಜಾಗ ಬದಲಾಗಿರಬಹುದು, ಇವತ್ತೇ ನೋಡಿ.

ಹಾಗೇ ಎಕ್ಸ್‌ಪಿ ಬಿಡುವಿದ್ದಾಗ ತಾನಾಗೇ ಬೂಟ್ ಫೈಲ್‌ಗಳನ್ನು ಜೋಡಿಸೋದನ್ನು ನಿಲ್ಲಿಸಿ: ರಿಜಿಸ್ಟ್ರಿಯಲ್ಲಿ ಬೂಟ್‌ಆಪ್ಟಿಮೈಜ್‌ಫಂಕ್ಷನ್ ಕೆಳಗೆ ಎನೇಬಲ್ ಅನ್ನೋದು ವೈ ಇರುತ್ತೆ, ಎನ್ ಮಾಡಿ. ಪೇಜ್‌ಫೈಲ್ ಹಾಗೇ ಇರಲಿ, 2 ಜಿಬಿ ರ‍್ಯಾಮ್‌ನಲ್ಲಿ ಪೇಜ್‌ಮೇಕರ್, ರಿಪ್ ಎರಡೂ ತೆರೆದರೆ ಅದು ಬೇಕೇ ಬೇಕು. ಇನ್ನು ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ ಖಾಲಿ ಜಾಗದಲ್ಲಿ ಯಾರೂ ಹೊಸ ಪಾರ್ಟಿಷನ್ ಮಾಡದ ಹಾಗೆ ನೋಡಿಕೊಳ್ಳಿ. ಎಕ್ಸ್‌ಪಿ ಅದನ್ನು ಮತ್ತೆ ತನ್ನ ಹಳೇ ಲೆಕ್ಕದಲ್ಲೇ ಇಡುತ್ತೆ.

ಅಚ್ಚುಮೊಳೆ · ಬುಧವಾರ, ಸಂಜೆ 6:45

ಒಂದೇ ಕಡೆ ಇತ್ತು. ಪ್ರಿಂಟರ್ ಸ್ಪೂಲ್ ಫೋಲ್ಡರ್‌ನ ಹಳೇ ಫೈಲ್, ಅಳಿಸಿದೆವು. ಪುಸ್ತಕದ ಫೈಲ್‌ಗಳೆಲ್ಲ ಪೇಜ್‌ಮೇಕರ್‌ನಲ್ಲಿ ತೆರೆಯುತ್ತಿವೆ, ನುಡಿಯ ಒತ್ತಕ್ಷರಗಳೂ ಸರಿ ಇವೆ. ಪೂರ್ತಿ ಪಾರ್ಟಿಷನ್‌ನ ಒಂದು ಇಮೇಜ್ ತೆಗೆದು ಹೊಸ ಕಂಪ್ಯೂಟರ್‌ನಲ್ಲಿ ಇಟ್ಟಿದ್ದೇವೆ. ಹಳೇ ಡಿಸ್ಕ್‌ಗೆ ದಿನಾಂಕದ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟಾಯ್ತು. ಸೊನ್ನೆಒಂದು ಅವರಿಗೆ, ತಾಮ್ರದತಂತಿ ಅವರಿಗೆ ತುಂಬಾ ಧನ್ಯವಾದ. ನಾಳೆ ಬೆಳಿಗ್ಗೆ 16 ಪುಟದ ಫಾರಂ ಪ್ಲೇಟ್‌ಗೆ ಹೋಗುತ್ತೆ.